ಎಪ್ಪತ್ತು ಅಡಿ ನಿಧಾನ

"ಒಂಬೈನೂರ ಎಂಬತ್ತು," ಎಂದು ಶೂಟಿಂಗ್ ರೇಂಜಿನಲ್ಲಿ ಪಕ್ಕ ನಿಂತಿದ್ದ ಗೆಳೆಯ ಮಧ್ವೇಶ ಓದಿದ.

ಯೋಗಾನಂದ ಪಿಸ್ತೂಲನ್ನು ಮೇಜಿನ ಮೇಲಿಟ್ಟು, ಕಿವಿಯ ಮುಚ್ಚಳ ಸರಿಸಿ, "ಇನ್ನೊಂದ್ಸಲ ಹೇಳಪ್ಪ" ಎಂದ. ಹೇಳುವುದೇನು, ಎದುರಿಗಿದ್ದ ಪುಟ್ಟ ಪೆಟ್ಟಿಗೆಯೇ ತೋರಿಸುತ್ತಿತ್ತು. ಹಾರಿದ ಗುಂಡಿನ ವೇಗ ಅಳೆದು ಹೇಳುವುದಷ್ಟೇ ಅದರ ಕೆಲಸ, ಯಾರ ದಾಕ್ಷಿಣ್ಯವೂ ಅದಕ್ಕಿಲ್ಲ. ಸೆಕೆಂಡಿಗೆ ಸಾವಿರದ ಐವತ್ತು ಅಡಿ ಓಡಬೇಕಿದ್ದ ಗುಂಡು ಎಪ್ಪತ್ತು ಅಡಿ ನಿಧಾನವಾಗಿತ್ತು.

ಇನ್ನೂ ಒಂಬತ್ತು ಹೊಡೆದ. ಒಂಬೈನೂರ ಎಪ್ಪತ್ತೊಂಬತ್ತು, ಎಂಬತ್ತೊಂದು, ಮತ್ತೆ ಎಂಬತ್ತು.

"ಯೋಗಣ್ಣ, ಮನೇಲಿ ತೋಟಾ ತುಂಬುವಾಗ ಪೌಡರ್ ಕಮ್ಮಿ ಹಾಕಿದೀರ. ಇದನ್ನ ತಗೊಂಡು ಮುಂದಿನ ವಾರ ಮ್ಯಾಚಿಗೆ ಹೋದ್ರೆ, ವೇಗ ಸಾಲದು ಅಂತ ಸ್ಕೋರೇ ಕೊಡಲ್ಲ."

ಯೋಗಾನಂದನಿಗೆ ಚುರುಕ್ಕೆಂದಿತು. ಹೇವರ್ಡ್‌ನ ಕಾರ್ಖಾನೆಯೊಂದರಲ್ಲಿ ಅಳತೆಯ ಉಪಕರಣಗಳು ಸರಿಯಿವೆಯೇ ಎಂದು ಪರೀಕ್ಷಿಸುತ್ತ ಹತ್ತೊಂಬತ್ತು ವರ್ಷ ಕಳೆದವನು ಅವನು. "ಕೈ ತಪ್ಪಿದ್ರೆ ಒಂದು ಜಾಸ್ತಿ, ಒಂದು ಕಮ್ಮಿ ಬರ್ತಿತ್ತು ಕಣೋ. ಇಲ್ಲಿ ನೋಡು, ಎಲ್ಲ ಒಂದೇ ಸಮ ಕಮ್ಮಿ. ಪೌಡರ್ ತೂಗೋ ತಕ್ಕಡಿನೇ ಸುಳ್ಳು ಹೇಳಿದೆ."

ಉಳಿದ ನಲವತ್ತು ತೋಟಾಗಳನ್ನು ಡಬ್ಬಿಗೆ ತುಂಬಿಕೊಂಡು ಫ್ರೀಮಾಂಟಿನ ಮನೆಗೆ ಹೊರಟ. ಫ್ರೀವೇಯಲ್ಲಿ ನೆವಾರ್ಕಿನ ಎಕ್ಸಿಟ್ಟು ಹತ್ತಿರವಾದಾಗ ಎಂದಿನಂತೆ ಬಲಗಡೆಯ ಲೇನಿಗೆ ಬಂದ, ಎಂದಿನಂತೆ ಮತ್ತೆ ಎಡಕ್ಕೆ ಸರಿದ. ಆ ಎಕ್ಸಿಟ್ಟಿನಿಂದ ಐದು ನಿಮಿಷ ಹೋದರೆ ಅವನ ಹೆಂಡತಿ ತೇಜಸ್ವಿನಿಯ ಅಪಾರ್ಟ್‌ಮೆಂಟು. ಏಳು ತಿಂಗಳ ಹಿಂದೆ ಎರಡು ಸೂಟ್‌ಕೇಸು ಹಿಡಿದು ಹೋದವಳು. ಜಗಳವಾಡಿ ಹೋಗಿದ್ದರೆ ರಾಜಿಯಾದರೂ ಆಗಬಹುದಿತ್ತು. ಅವಳು ಜಗಳವನ್ನೂ ಆಡಲಿಲ್ಲ. "ನಾನು ಮಾತಾಡಿದ್ರೆ ಹೂಂ ಅಂತೀರ. ಆ ತಕ್ಕಡಿ ಮುಳ್ಳು ಅಲ್ಲಾಡಿದ್ರೆ ಮಾತ್ರ ಉಸಿರು ಬಿಗಿಹಿಡಿದು ನೋಡ್ತೀರ," ಎಂದಷ್ಟೇ ಹೇಳಿದ್ದಳು. ಅದಕ್ಕೂ ಅವನು ಹೂಂ ಎಂದಿದ್ದ, ಪುಣ್ಯಾತ್ಮ. ಈಗ ಅವಳ ಚಪ್ಪಲಿಯ ಸದ್ದಿಗೂ ಅವನ ಜೀವ ಹಂಬಲಿಸುತ್ತಿತ್ತು.

ಅವಳು ಹೋದ ಮೇಲೆ ಅವನು ಗರಾಜಿನಲ್ಲಿ ತೋಟಾ ತುಂಬುವ ಮೇಜಿಗೆ ಕೂತಿರಲಿಲ್ಲ. ಇಂದು ಕೂತು ತಕ್ಕಡಿಯ ಮೇಲಿನ ಧೂಳು ಊದಿದ. ಖಾಲಿ ತಟ್ಟೆ ಇಟ್ಟರೂ ಮುಳ್ಳು ಸೊನ್ನೆಗೆ ನಿಲ್ಲಲಿಲ್ಲ, ಗೆರೆ ದಾಟಿ ನಿಂತಿತು. ತಟ್ಟೆ ಎತ್ತಿ ತಿರುಗಿಸಿದ.

ತಳದಲ್ಲಿ ಅರಿಶಿನದ ನಡುವೆ ದುಂಡಗಿನ ಕುಂಕುಮ, ಒಣಗಿ ಗಟ್ಟಿಯಾಗಿತ್ತು.

ಆಯುಧಪೂಜೆಯ ದಿನ ಬೆಳಿಗ್ಗೆ ಅವನೇ ಸೊನ್ನೆ ಹೊಂದಿಸಿಟ್ಟಿದ್ದ. ಆಮೇಲೆ ಅವಳು ಕಾರು, ಮಿಕ್ಸಿ, ಲ್ಯಾಪ್‌ಟಾಪು ಎನ್ನುತ್ತ ಮನೆಯೆಲ್ಲ ಸುತ್ತಿ ಕುಂಕುಮ ಇಟ್ಟು ಬಂದಿದ್ದಳು. ಒಬ್ಬಟ್ಟು ಬಡಿಸುವಾಗ, "ಗರಾಜಿನಲ್ಲಿರೋ ನನ್ನ ಸವತಿಗೂ ಇಟ್ಟಿದೀನಿ ಕಣ್ರೀ" ಎಂದು ನಕ್ಕಿದ್ದಳು. ಅವನು ಹೂಂ ಎಂದು ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡಿದ್ದ. ಹೊಟ್ಟೆ ಭಾರವಾಗಿ, ಸೊನ್ನೆಯನ್ನು ಮತ್ತೊಮ್ಮೆ ನೋಡದೆ ಆ ಮಧ್ಯಾಹ್ನ ಐವತ್ತು ತೋಟಾ ತುಂಬಿಸಿದ್ದ. ತಟ್ಟೆಯಲ್ಲಿ ಕುಂಕುಮದ ತೂಕವೂ ಕೂತಿದ್ದರಿಂದ, ಅಷ್ಟು ಪೌಡರು ಪ್ರತಿಯೊಂದರಲ್ಲೂ ಕಡಿಮೆ ಬಿದ್ದಿತ್ತು.

ಸಿಂಕಿಗೆ ಹೋಗಿ ಬಟ್ಟೆ ಒದ್ದೆ ಮಾಡಿಕೊಂಡು ಬಂದ. ತಟ್ಟೆಯ ತನಕ ಹೋದ ಕೈ ಅಲ್ಲೇ ನಿಂತಿತು. ಬಟ್ಟೆ ಬದಿಗಿಟ್ಟು ಫೋನು ತೆಗೆದುಕೊಂಡ.

"ಏನ್ರೀ? ಹುಷಾರಾಗಿದೀರ ತಾನೆ?"

"ಹೂಂ," ಎಂದವನು ನಾಲಿಗೆ ಕಚ್ಚಿಕೊಂಡ. "ತೇಜು, ತಕ್ಕಡಿ ತಟ್ಟೆಗೆ ಕುಂಕುಮ ಇಟ್ಟಿದ್ಯಾ?"

"ಅವತ್ತೇ ಹೇಳಿದ್ನಲ್ಲ. ಒಳಗಿಟ್ರೆ ನಿಮ್ಮ ಪೌಡರಿಗೆ ತಾಗುತ್ತೆ ಅಂತ ಕೆಳಗಿಟ್ಟೆ. ಯಾಕೆ, ಏನಾದ್ರೂ ಎಡವಟ್ಟಾಯ್ತಾ?"

"ಗುಂಡೆಲ್ಲ ನಿಧಾನ. ಸೆಕೆಂಡಿಗೆ ಎಪ್ಪತ್ತಡಿ."

ಅವಳು ನಕ್ಕಳು. ಮೂಗಿನಲ್ಲಿ ಶುರುವಾಗಿ ಕೆಮ್ಮಿನಲ್ಲಿ ಮುಗಿಯುವ ಅದೇ ನಗು. ಅದು ಬೇಗ ಮುಗಿಯದಿರಲಿ ಎಂದು ಅವನು ಉಸಿರು ಬಿಗಿಹಿಡಿದು ಕೇಳಿದ.

"ಒರೆಸಿಬಿಡಿ ಮತ್ತೆ," ಎಂದಳು ಕೊನೆಗೆ.

"ನಾನು ಒರೆಸಲ್ಲ."

ಅವಳು ಫೋನು ಇಡಲಿಲ್ಲ. ಅವಳ ಮನೆಯ ಕುಕ್ಕರು ಒಮ್ಮೆ ಕೂಗಿತು.

"ಊಟ ಆಯ್ತಾ?" ಎಂದು ಕೇಳಿದಳು.

"ಇಲ್ಲ."

"ಮೂರು ಗಂಟೆ ಆಯ್ತು. ಮಾಡಿ," ಎಂದು ಇಟ್ಟಳು.

ಯೋಗಾನಂದ ಕುಂಕುಮದ ತಟ್ಟೆಯನ್ನು ಹಾಗೆಯೇ ತಕ್ಕಡಿಯ ಮೇಲಿಟ್ಟು, ಅದರ ಕಾಲಿನ ತಿರುಪನ್ನು ಚೂರುಚೂರೇ ತಿರುಗಿಸಿದ. ಮುಳ್ಳು ಬಹಳ ಹೊತ್ತು ತೂಗಾಡಿ ಸೊನ್ನೆಯಲ್ಲಿ ನಿಂತಿತು. ಪರೀಕ್ಷೆ ಮುಗಿದ ಉಪಕರಣಕ್ಕೆ ಕಾರ್ಖಾನೆಯಲ್ಲಿ ಅಂಟಿಸುವಂಥ ಬಿಳಿ ಚೀಟಿಯೊಂದು ಡ್ರಾಯರಿನಲ್ಲಿತ್ತು. ಅದರ ಮೇಲೆ ಇಂದಿನ ತಾರೀಖು ಬರೆದು, ಕೆಳಗೆ 'ಕುಂಕುಮ ಸೇರಿಸಿ ಸೊನ್ನೆ' ಎಂದು ಬರೆದ. ತಕ್ಕಡಿಯ ಬುಡಕ್ಕೆ ಅಂಟಿಸಿ, ಅದು ಸರಿಯಾಗಿ ಹಿಡಿಯುವ ತನಕ ಹೆಬ್ಬೆರಳಿನಿಂದ ಒತ್ತಿಕೊಂಡು ಕೂತ.