ಜಲ್ಲಿ ನುಂಗಿದ ಸೀಸದ ಮೀನು

"ಕುಡಿದು ಅಳೆದಿದ್ದೀಯ ಬೋಳಿಮಗನೆ," ಎಂದು ಎಂಜಿನಿಯರ್ ಲುಪಾಷ್ಕು ಅಳತೆಯ ಪುಸ್ತಕವನ್ನು ತನಾಸೆಯ ಎದೆಗೆ ಎಸೆದ. "ಸೇತುವೆಯಿಂದ ತಳಕ್ಕೆ ಹದಿಮೂರು ಮೀಟರಂತೆ. ಈಗ ತಾನೇ ನಾನೇ ಅಳೆದೆ. ಒಂಬತ್ತು. ಯಾವತ್ತೂ ಇದ್ದಷ್ಟೇ ಇದೆ."

"ನೀರು ಏರೋವಾಗ ತಳ ತೋಡ್ತದೆ ಸಾಹೇಬ್ರೆ. ಇಳಿಯೋವಾಗ ಜಲ್ಲಿ ತಂದು ಮುಚ್ತದೆ. ನೀವು ಬರೋದು ಮುಚ್ಚಿದ ಮ್ಯಾಲೆ."

"ಜಿಪ್ಸಿ ನನಗೆ ನದಿ ಪಾಠ ಹೇಳ್ತಾನೆ ನೋಡು," ಎಂದು ಲುಪಾಷ್ಕು ಜೀಪಿನ ಡ್ರೈವರ್ ಕಡೆ ತಿರುಗಿದ. ಡ್ರೈವರ್ ಹಲ್ಲು ಕಿರಿದ. ಹದಿಮೂರಕ್ಕೆ ಗೀಟು ಬಿತ್ತು. ಪಕ್ಕದಲ್ಲಿ ಒಂಬತ್ತು ಕೂತಿತು, ಅದರ ಕೆಳಗೆ ತನಾಸೆಯ ರುಜು. ನದಿತಳಕ್ಕೆ ಏನೂ ಆಗಿಲ್ಲ ಎಂದಾಯಿತು, ಸೇತುವೆಯ ಬುಡದಲ್ಲೇ ಜಲ್ಲಿ ಬಾಚುವ ಕಂತ್ರಾಟುದಾರನಿಗೆ ಇನ್ನೊಂದು ವರ್ಷ ಸಿಕ್ಕಿತು.

ತನಾಸೆ ಇಪ್ಪತ್ತೆರಡು ವರ್ಷದಿಂದ ಸಿರೆತ್ ನದಿಯ ದಂಡೆಯ ಅಳತೆ ಗುಡಿಸಲಿನಲ್ಲಿದ್ದ. ಸೀಸದ ಮೀನನ್ನು, ಅಂದರೆ ಮೀನಿನಾಕಾರದ ಐವತ್ತು ಕಿಲೋದ ಗುಂಡನ್ನು, ಸೇತುವೆಯ ರಾಟೆಯ ತಂತಿಗೆ ಕಟ್ಟಿ ತಳ ಮುಟ್ಟುವವರೆಗೆ ಇಳಿಸುವುದು, ಆಳ ಬರೆಯುವುದು, ಕೆಸರು ನೀರನ್ನು ಸೀಸೆಗೆ ತುಂಬಿ ಕಚೇರಿಗೆ ಕಳಿಸುವುದು. ಎರಡನೇ ಕಂಬದ ಬುನಾದಿ ಜಲ್ಲಿಯೊಳಗೆ ಇಳಿದಿರುವುದು ಐದೇ ಮೀಟರ್. ಅದರಲ್ಲಿ ನಾಲ್ಕು ಪ್ರವಾಹದಲ್ಲಿ ಬರಿಮೈಯಾಗುತ್ತದೆಂದು ಬಲ್ಲವನು ಅವನೊಬ್ಬನೇ. ಆಚೆ ದಡದಲ್ಲಿ ಅವನ ಜನದ ನಲವತ್ತು ಮನೆಗಳಿಗೆ ಈ ಸೇತುವೆ ಬಿಟ್ಟರೆ ಬೇರೆ ದಾರಿಯಿರಲಿಲ್ಲ.

ಆ ಜನವೂ ಅವನನ್ನು ನಂಬುತ್ತಿರಲಿಲ್ಲ. ಮಗಳು ಇಲಿಂಕ ಮರದ ಸೌಟಿನ ಬುಟ್ಟಿ ಹೊತ್ತು ಸಂತೆಗೆ ಹೋಗುವಾಗ ಮುಖ ತಿರುಗಿಸಿಯೇ ದಾಟುತ್ತಿದ್ದಳು. "ಜಲ್ಲಿ ಕಳ್ಳರಿಗೆ ರುಜು ಹಾಕೋನು ನನ್ನಪ್ಪ ಅಲ್ಲ," ಎಂದು ಎರಡು ವರ್ಷದ ಹಿಂದೆ ಹೇಳಿದ್ದೇ ಕೊನೆಯ ಮಾತು. ಅವಳ ಹೆಜ್ಜೆ ಹಲಗೆಗಳ ಮೇಲೆ ದೂರವಾಗುವುದನ್ನು ಕೇಳುತ್ತ ಅವನು ತಣ್ಣಗಾದ ಮೆಕ್ಕೆಜೋಳದ ಮುದ್ದೆ ನುಂಗುತ್ತಿದ್ದ.

ಏಪ್ರಿಲ್‌ನಲ್ಲಿ ಹಿಮ ಕರಗಿ ನದಿ ಮತ್ತೆ ಏರಿತು. ಸೇತುವೆ ನಡುಗುತ್ತಿತ್ತು. ತನಾಸೆ ಕಂಬದ ಪಕ್ಕ ಮೀನು ಇಳಿಸಿದ. ಹದಿಮೂರಕ್ಕೆ ತಳ ಮುಟ್ಟಿತು. ನೀರು ಇಳಿಯುವ ಮೊದಲು ಮೀನನ್ನು ಎತ್ತಲೇಬೇಕು, ಇಲ್ಲದಿದ್ದರೆ ಜಲ್ಲಿ ಹೂತುಬಿಡುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಬೈದು ಕಲಿಸಿದ ಪಾಠವದು.

ಅವನು ಎತ್ತಲಿಲ್ಲ. ರಾಟೆಗೆ ಬೀಗ ಹಾಕಿ, ತೇಲಿಬರುವ ಮರದ ದಿಮ್ಮಿಗಳನ್ನು ಗಳುವಿನಿಂದ ದೂರ ತಳ್ಳುತ್ತ ಸಂಜೆವರೆಗೂ ನಿಂತ.

ಎರಡು ದಿನ ಬಿಟ್ಟು ಲುಪಾಷ್ಕು ಬಂದಾಗ ನದಿ ಏನೂ ಅರಿಯದಂತೆ ಮೊಣಕಾಲುದ್ದ ಹರಿಯುತ್ತಿತ್ತು. ತಂತಿ ನೆಟ್ಟಗೆ ಜಲ್ಲಿಯೊಳಕ್ಕೆ ಹೋಗಿತ್ತು.

"ಮೀನು ಎಲ್ಲೋ?"

"ಒಳಗದೆ. ಮೀಟರಿಗೊಂದು ಕೆಂಪು ಚಿಂದಿ ಕಟ್ಟಿವ್ನಿ. ಕಾಣೋದು ಎಷ್ಟು, ಎಣಿಸಿ."

ಲುಪಾಷ್ಕು ಬಗ್ಗಿ ನೋಡಿದ. ಒಂಬತ್ತು. ಬಿಟ್ಟ ತಂತಿಯ ಉದ್ದ ತೋರಿಸುವ ರಾಟೆಯ ಮುಳ್ಳು ಹದಿಮೂರರ ಮೇಲೆ ನಿಂತಿತ್ತು. ಅವನ ಮುಖ ಬಿಳಿಚಿಕೊಂಡಿತು.

"ತಂತಿ ಕತ್ತರಿಸು."

"ಸರ್ಕಾರಿ ಸಾಮಾನು ಸಾಹೇಬ್ರೆ, ನಂಬರದೆ. ಕಳೆದೋದ್ರೆ ಮೂರು ಜನ ಅಧಿಕಾರಿಗಳು ಬಂದು ಎಲ್ಲದೆ, ಎಷ್ಟು ಆಳದಾಗದೆ ಅಂತ ಬರೀಬೇಕು. ನೀವೇ ಮಾಡಿದ ಕಾನೂನು. ಬರಕೊಳ್ಳಿ, ಜಲ್ಲಿಯಿಂದ ನಾಕು ಮೀಟರ್ ಕೆಳಗೆ."

"ಸೂಳೆಮಗನೆ, ನಿನ್ನ ಕೆಲಸ ಹೋಯ್ತು ಅಂತ ತಿಳ್ಕೊ. ಗುಡಿಸಲೂ ಖಾಲಿ ಮಾಡು."

"ಮಾಡ್ತೀನಿ. ಆ ಮೂವರು ಬಂದ್ ಮ್ಯಾಲೆ."

ಡ್ರೈವರ್ ಕತ್ತರಿ ತಂದ. ತನಾಸೆ ಸೊಂಟದ ಬೆಲ್ಟನ್ನು ಬಿಚ್ಚಿ, ತನ್ನ ಕೈಯನ್ನೂ ತಂತಿಯನ್ನೂ ಒಟ್ಟಿಗೆ ಬಿಗಿದು ರಾಟೆಯ ಬುಡದಲ್ಲಿ ಕೂತ. ಕತ್ತರಿ ಹಿಡಿದವನು ಸಾಹೇಬನ ಮುಖ ನೋಡಿದ. ಸಾಹೇಬ ನದಿ ನೋಡಿದ.

ಆಚೆ ದಡದಿಂದ ಇಲಿಂಕ ಬುಟ್ಟಿ ಹೊತ್ತು ಬಂದಳು. ಸೇತುವೆಯ ಕಂಬಿಯ ಬಳಿ ನಿಂತು ಚಿಂದಿಗಳನ್ನು ಎಣಿಸಿದಳು. ಮುಳ್ಳನ್ನು ನೋಡಿದಳು. ಮತ್ತೆ ಎಣಿಸಿದಳು. ಈಚೆ ದಡದಲ್ಲಿ ಕಂತ್ರಾಟುದಾರನ ಜಲ್ಲಿ ಲಾರಿ ಹಾರನ್ ಬಾರಿಸುತ್ತ ಸೇತುವೆ ಹತ್ತಲು ಬಂದಿತ್ತು.

ಅವಳು ಬುಟ್ಟಿಯನ್ನು ದಾರಿಯ ನಡುವೆ ಇಳಿಸಿದಳು. ಅಪ್ಪನಿಗೆ ಬೆನ್ನು ಹಾಕಿ, ಲಾರಿಗೆ ಮುಖ ಕೊಟ್ಟು, ಬುಟ್ಟಿಯ ಪಕ್ಕ ಕೂತಳು.