ಅಂಚಿನ ಹೆಬ್ಬೆಟ್ಟು

ಗೋಪಮ್ಮನ ಹೆಬ್ಬೆರಳು ನೇರಳೆ ಮಸಿ ಮೆತ್ತಿಕೊಂಡು ಗಾಳಿಯಲ್ಲೇ ನಿಂತಿತ್ತು. ಅದರ ಕೆಳಗಿದ್ದುದು ಕಾಗದವಲ್ಲ, ಇ-ರೀಡರಿನ ಬೂದು ಪರದೆ.

"ಎಲ್ಲಿ ಒತ್ತಲಿ ಬೇ, ಪ್ರಿಯಾ?"

ಅರಕೇರಾದ ಓಣಿಯ ಬುದ್ಧ ವಿಹಾರದಲ್ಲಿ ಆ ಭಾನುವಾರ ಬೆಳಿಗ್ಗೆ ಕೂಡಿದ್ದ ಹದಿನೆಂಟು ಮಂದಿಯೂ ಪ್ರಿಯದರ್ಶಿನಿಯ ಮುಖ ನೋಡಿದರು. ರಾಯಚೂರಿನಲ್ಲಿ ಮನೆ ಮಾಡಿಕೊಂಡು ಮಾನ್ವಿಯ ಕಾಲೇಜಿನಲ್ಲಿ ಪಾಠ ಹೇಳುವ ಆಕೆ ಅದೇ ಓಣಿಯ ಮಗಳು. ಗೋಪಮ್ಮ ಆಕೆಯ ದೊಡ್ಡವ್ವ. ಈ ಪ್ರಶ್ನೆಯೊಂದಕ್ಕೆ ಆಕೆ ಸಿದ್ಧಳಾಗಿ ಬಂದಿರಲಿಲ್ಲ.

ಇಪ್ಪತ್ತಾರು ವರ್ಷಗಳಿಂದ ಆ ವಿಹಾರದಲ್ಲಿ ಒಂದೇ ಪುಸ್ತಕ ಕೈಯಿಂದ ಕೈಗೆ ಸುತ್ತುತ್ತಿತ್ತು: ಮುಖಪುಟ ಕಳಚಿಹೋದ, ಬುದ್ಧನ ಚರಿತ್ರೆ. ಭಾನುವಾರಕ್ಕೊಬ್ಬರು ಎದ್ದು ಒಂದು ಪುಟವನ್ನು ಗಟ್ಟಿಯಾಗಿ ಓದಬೇಕು. ಓದಿದವರು ಆ ಪುಟದ ಅಂಚಿನಲ್ಲಿ ಹೆಬ್ಬೆಟ್ಟು ಒತ್ತಿ, ಪಕ್ಕದಲ್ಲಿ ತಮ್ಮ ಹೆಸರು ಬರೆಯಬೇಕು. ಸಹಿ ಬಲ್ಲವರಿಗೂ ವಿನಾಯಿತಿ ಇರಲಿಲ್ಲ. ನಿಯಮ ಮಾಡಿದವನು ಗೋಪಮ್ಮನ ಗಂಡ ಉರುಕುಂದಪ್ಪ. ಓದದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಸಾಕಾಗಿದೆ, ಇನ್ನು ಓದಿದ ಕಾಗದಕ್ಕೆ ಒತ್ತೋಣ ಎಂದಿದ್ದನಂತೆ. ಅವನು ತೀರಿ ನಾಲ್ಕು ವರ್ಷವಾಗಿತ್ತು.

"ಎಂಬತ್ತೇಳನೇ ಹಾಳಿ ತಗಿ," ಎಂದಳು ಗೋಪಮ್ಮ. "ನಿಮ್ಮ ದೊಡ್ಡಪ್ಪ ಕಡೀಕ ಓದಿದ್ದು ಅದು. ಈ ಸುತ್ತಿನ್ಯಾಗ ನನಗ ಬಂದದ. ಅವನ ಬಾಜೂಕ ಒತ್ತತೀನಿ."

ಪ್ರಿಯದರ್ಶಿನಿ ಬೆರಳು ತಾಗಿಸಿದಳು. ಪುಟ ಕಣ್ಣು ಮಿಟುಕಿಸುವುದರೊಳಗೆ ಬಂದಿತು. ಅಕ್ಷರಗಳು ದಪ್ಪಗೆ, ಕಪ್ಪಗೆ, ಪರದೆಯ ತುಂಬ ನಿಂತವು. ಅಂಚು ಎಂಬುದೇ ಇರಲಿಲ್ಲ.

"ಅವನೆಲ್ಲಿ?"

"ಇದು ಓದಾಕಷ್ಟೇ, ದೊಡ್ಡವ್ವ. ಪುಸ್ತಕ ಮನ್ಯಾಗ ಅದ. ಬರೋ ಐತ್ವಾರ ತರ್ತೀನಿ."

"ಹಂಗಾರ ಮಸಿ ಒರಸ್ಕೊಂತೀನಿ. ಅಲ್ಲೀತನಕ ನಾನು ಓದಂಗಿಲ್ಲ."

ಪುಸ್ತಕ ಮನೆಯಲ್ಲಿರಲಿಲ್ಲ.

ಹಿಂದಿನ ಭಾನುವಾರ, ಮಂಜುಗಣ್ಣಿನ ಹಿರಿಯರಿಗಾಗಿ ಈ ಯಂತ್ರ ತಂದವಳು ಪ್ರಿಯದರ್ಶಿನಿಯೇ. ಫೋನಿನಲ್ಲಿ ಸೆರೆಹಿಡಿದ ನಾಲ್ಕು ಪುಟಗಳನ್ನು ಅಂದೇ ಹಾಕಿ ತೋರಿಸಿದ್ದಳು. ಭಾರವಾದ ಚಿತ್ರಗಳು, ಒಂದೊಂದು ಪುಟ ತಿರುಗಲು ಹನ್ನೆರಡು ಸೆಕೆಂಡು. ಅಕ್ಷರ ಇರುವೆಗಳಷ್ಟು.

"ಅಕ್ಕಾರ, ನಿಮ್ಮ ಯಂತ್ರ ಹಾಳಿ ತಿರುವೋದ್ರಾಗ ನಾನು ದೇವದುರ್ಗಕ್ಕ ಹೋಗಿ ಚಾ ಕುಡದು ಬರ್ತೀನ್ರಿ," ಎಂದು ಅಂಬಣ್ಣ ಎದ್ದು ನಿಂತಾಗ ವಿಹಾರವೆಲ್ಲ ನಕ್ಕಿತ್ತು. ಆ ನಗು ಆಕೆಯನ್ನು ಚುಚ್ಚಿತು. ಒಂದು ಹಾಳೆಯೂ ಹರಿಯದಂತೆ ತರುತ್ತೇನೆಂದು ಗೋಪಮ್ಮನಿಗೆ ಮಾತು ಕೊಟ್ಟು ಪುಸ್ತಕವನ್ನು ರಾಯಚೂರಿಗೆ ಒಯ್ದಿದ್ದಳು.

ಕೋರ್ಟಿನ ಪಕ್ಕದ ಶಾಮೀದಸಾಬನ ಝೆರಾಕ್ಸ್ ಅಂಗಡಿಯಲ್ಲಿ ಮಾತು ಮುರಿಯಿತು. ಒಂದೊಂದೇ ಪುಟ ತೆರೆದಿಟ್ಟು ಸ್ಕ್ಯಾನ್ ಮಾಡಲು ಎರಡು ದಿನ ಬೇಕು; ಬೆನ್ನು ಕತ್ತರಿಸಿ ಬಿಡಿ ಹಾಳೆ ಮಾಡಿದರೆ ಯಂತ್ರ ಕಾಲು ಗಂಟೆಯಲ್ಲಿ ನುಂಗಿಬಿಡುತ್ತದೆ. "ಕತ್ತರಿಸಿ," ಎಂದಳು. ಕತ್ತರಿಸಿದ್ದನ್ನು ಹಿಂತಿರುಗಿಸುವ ಮುಖವಿಲ್ಲದೆ, "ಹಾಳೆ ಬೇಡ, ರದ್ದಿಗೆ ಹಾಕಿ," ಎಂದಳು.

ಆದರೆ ನಿಜವಾದ ತಪ್ಪು ನಡೆದದ್ದು ಆಕೆಯ ಮೇಜಿನ ಮೇಲೆ. ಅಂಚು ಕತ್ತರಿಸಿದರೆ ಅಕ್ಷರ ದೊಡ್ಡದಾಗುತ್ತದೆ. ಬಣ್ಣ ತೆಗೆದರೆ ಕಡತ ಹಗುರಾಗುತ್ತದೆ. ಪುಟ ಬೇಗ ತಿರುಗುತ್ತದೆ. ಅಂಚಿನಿಂದ ಸಾಲುಗಳೊಳಕ್ಕೂ ಹರಡಿದ್ದ ನೇರಳೆ ಗುರುತುಗಳನ್ನು ತೋರಿಸಿ, ಕಲೆಗಳನ್ನು ಅಳಿಸಲೇ ಎಂದು ತಂತ್ರಾಂಶ ಕೇಳಿತು. ಅವು ಕಲೆಗಳಲ್ಲವೆಂದು ಅದಕ್ಕೆ ತಿಳಿಯದು. ಆಕೆಗೆ ತಿಳಿದಿತ್ತು. ಹದಿಮೂರನೆಯ ಪುಟದಲ್ಲಿ ಏಳು ವರ್ಷದ ಅವಳದೇ ಪುಟ್ಟ ಹೆಬ್ಬೆಟ್ಟಿತ್ತು. ಮರುದಿನ ಅದೇ ಕಡತವನ್ನು ಸ್ಟಾಫ್ ರೂಮಿನಲ್ಲಿ ತೋರಿಸುವ ಆಸೆಯಿತ್ತು. ಸಹೋದ್ಯೋಗಿಗಳು ಆ ಗುರುತುಗಳನ್ನು ನೋಡಿ, ಹೆಬ್ಬೆಟ್ಟಿನ ಮಂದಿಯವಳು ಎಂದಾರು ಎಂಬ ಅಳುಕು ಅದಕ್ಕಿಂತ ದೊಡ್ಡದಿತ್ತು. ಹೌದು ಎಂದು ಒತ್ತಿದಳು. ಜಾಗ ಸಾಲದೆಂದು ಮೂಲ ಚಿತ್ರಗಳನ್ನೂ ಅಳಿಸಿದಳು.

ಸೋಮವಾರ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಆಕೆ ಮೆಟ್ಟಿಲ ಮೇಲಿದ್ದಳು. ಹಿಂದಿನ ದಿನವಷ್ಟೇ ರದ್ದಿಯ ಗಾಡಿ ಬಂದು ಹೋಗಿತ್ತೆಂದು ಪಕ್ಕದ ಚಹಾದವನು ಹೇಳಿದ.

ಶಾಮೀದಸಾಬ ಬಂದು ಬೀಗ ತೆಗೆದ. ಆಕೆಯ ಮಾತು ಮುಗಿಯುವ ಮೊದಲೇ ಒಳಗೆ ಹೋಗಿ, ಕೋರ್ಟಿನ ಕಡತದಂತೆ ಕೆಂಪು ದಾರ ಕಟ್ಟಿದ ಕಟ್ಟೊಂದನ್ನು ಮೇಜಿನ ಮೇಲಿಟ್ಟ.

"ಹೆಬ್ಬಟ್ಟು ಇರೋ ಕಾಗದ ರದ್ದಿಗೆ ಹಾಕಾಕ ಬರತದೇನ್ರಿ ಮೇಡಂ? ಮೂವತ್ತು ವರ್ಷ ಕೋರ್ಟಿನ ಬಾಜೂಕ ಅಂಗಡಿ ಇಟ್ಟೀನಿ. ನಾಳೆ ಯಾರರ ಬಂದು ನಮ್ಮ ದಸ್ತಾವೇಜು ಎಲ್ಲಿ ಅಂದ್ರ ಏನು ಜವಾಬು ಕೊಡ್ಲಿ?" ಅವನು ದನಿ ತಗ್ಗಿಸಿದ. "ಇಷ್ಟು ಮಂದಿ ಒತ್ಯಾರಂದ್ರ ಭಾರಿ ಆಸ್ತಿ ಇರಬೇಕು. ಯಾರದ್ರಿ ಇದು?"

ಪ್ರಿಯದರ್ಶಿನಿ ಕಟ್ಟನ್ನು ತನ್ನತ್ತ ಎಳೆದುಕೊಂಡಳು. ಪರಿಚಯವಿಲ್ಲದವನಿಗೆ ದಸ್ತಾವೇಜಾಗಿ ಕಂಡದ್ದನ್ನು ಆಕೆ ಗೊತ್ತಿದ್ದೂ ಕಲೆಯೆಂದು ಅಳಿಸಿದ್ದಳು.

ದಾರ ಬಿಚ್ಚಿ ಎಂಬತ್ತೇಳನೆಯ ಪುಟ ಹುಡುಕಿದಳು. ಹಿಂದಿನ ಸುತ್ತುಗಳವರು ಹೊರ ಅಂಚನ್ನು ತುಂಬಿದ್ದರಿಂದ ಉರುಕುಂದಪ್ಪ ಒಳ ಅಂಚಿನಲ್ಲಿ, ಬೆನ್ನಿನ ಹೊಲಿಗೆಗೆ ಒತ್ತಿಕೊಂಡು ತನ್ನ ಗುರುತು ಇಟ್ಟಿದ್ದ. ಯಂತ್ರದ ಅಲಗು ಅದರ ನಡುವೆಯೇ ಹಾದುಹೋಗಿತ್ತು. ಅರ್ಧ ಹೆಬ್ಬೆಟ್ಟು ಉಳಿದಿತ್ತು. ಜಾಗವಿಲ್ಲದೆ ಅದರ ಮೇಲೆ ಬರೆದಿದ್ದ ಹೆಸರಿನಲ್ಲಿ 'ಕುಂದಪ್ಪ' ಎಂಬಷ್ಟು.

"ಕತ್ತರಿಸಿದ ಚೂರು?"

"ಅದು ಅವತ್ತೇ ಕಸದಾಗ ಹೋತ್ರಿ." ಆಕೆಯ ಮುಖ ನೋಡಿ ಅವನಿಗೆ ಕನಿಕರವಾಯಿತು. "ಸ್ಪೈರಲ್ ಹಾಕಿ ಕೊಡ್ತೀನಿ ಬಿಡ್ರಿ. ತಾನಾ ಬಿಚ್ಚಿತ್ತು, ಕಟ್ಟಿಸಿದೆ ಅನ್ರಿ. ಯಾರಿಗೂ ತಿಳಿಯಂಗಿಲ್ಲ."

ಆಕೆ ಒಪ್ಪಿಯೇಬಿಟ್ಟಳು. ಅವನು ಹಾಳೆಗಳನ್ನು ಜೋಡಿಸಿ ತೂತು ಹೊಡೆಯುವ ಯಂತ್ರಕ್ಕೆ ತುರುಕಿ ಹಿಡಿಕೆಗೆ ಕೈ ಹಾಕಿದ. ಆ ತೂತುಗಳು ಉಳಿದರ್ಧದ ಮೇಲೆಯೇ ಬೀಳುತ್ತಿದ್ದವು.

"ಬ್ಯಾಡ್ರಿ!" ಎಂದು ಆಕೆ ಕೂಗಿದ್ದು ರಸ್ತೆಗೂ ಕೇಳಿತು.

ಮುಂದಿನ ಭಾನುವಾರ ಕೆಂಪು ದಾರದ ಕಟ್ಟು ವಿಹಾರದ ಚಾಪೆಯ ಮೇಲೆ ಬಿಚ್ಚಿಕೊಂಡಿತು. ಕತ್ತರಿಸಿದ್ದು, ರದ್ದಿಗೆ ಹಾಕಿಸಿದ್ದು, ಅಳಿಸಿದ್ದು, ಸುಳ್ಳಾಡಿದ್ದು ಎಲ್ಲವನ್ನೂ ಪ್ರಿಯದರ್ಶಿನಿ ಹೇಳಿದಳು. ಕೊನೆಗೆ ಉಳಿದದ್ದು ಸ್ಟಾಫ್ ರೂಮಿನ ಅಳುಕು. ಅದನ್ನೂ ಹೇಳಿ ಮುಗಿಸಿದಳು. ಯಾರೂ ನಗಲಿಲ್ಲ. ಅಂಬಣ್ಣ ಕೂಡ.

ಗೋಪಮ್ಮ ಎಂಬತ್ತೇಳನೆಯ ಹಾಳೆಯನ್ನು ಕಣ್ಣಿನ ಬಳಿ ತಂದು ನೋಡಿದಳು.

"ಬದುಕಿದ್ದಾಗನೂ ಓದೋದ್ರಾಗ ಅರ್ಧಕ್ಕ ಎದ್ದು ಬೀಡಿ ಸೇದಾಕ ಹೋಗತಿದ್ದ," ಎಂದಳು. "ಪೂರಾ ಯಾವತ್ತು ಕುಂತಾನ?"

ಪ್ರಿಯದರ್ಶಿನಿಗೆ ಕ್ಷಮೆ ಸಿಕ್ಕಿತೆನ್ನಿಸಿತು. ಆದರೆ ಗೋಪಮ್ಮ ಮಸಿಯ ಡಬ್ಬಿಯನ್ನು ಆಕೆಯ ಮುಂದಕ್ಕೆ ಸರಿಸಿದಳು.

"ಒತ್ತು."

"ನಾನು ಓದಿಲ್ಲಲ್ಲ, ದೊಡ್ಡವ್ವ..."

"ಓದಿದ್ದಕ್ಕಲ್ಲ ಬೇ. ಮಾಡಿದ್ದಕ್ಕ. ಮುಂದಿನವರು ಈ ಹಾಳಿ ನೋಡಿ ಇವನ ಅರ್ಧ ಎಲ್ಲಿ ಹೋತು ಅಂತ ಕೇಳತಾರ. ಒತ್ತಿ, ಬಾಜೂಕ ಬರಿ."

ಪ್ರಿಯದರ್ಶಿನಿ ಆ ಅರ್ಧದ ಕೆಳಗೆ, ಅಲಗು ಬಿಟ್ಟುಹೋದ ಚೂರು ಜಾಗದಲ್ಲಿ ಹೆಬ್ಬೆಟ್ಟು ಒತ್ತಿದಳು. ಪೆನ್ಸಿಲ್ಲಿನಲ್ಲಿ ಬರೆದಳು: ಇದನ್ನು ಕತ್ತರಿಸಿದವಳು ಪ್ರಿಯದರ್ಶಿನಿ.

ಗೋಪಮ್ಮ ಹಾಳೆಯನ್ನು ಕೈಗೆತ್ತಿಕೊಂಡು ಎದ್ದು ನಿಂತಳು. ಅಂದು ಓದುವ ಸರದಿ ಅವಳದೇ. ಪುಟದ ಮೊದಲ ಸಾಲಿಗೆ ಹೋಗುವ ಮುನ್ನ ಅಂಚಿನ ಮೇಲೆ ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸಿ, ಹಿಂದೆ ಕುಳಿತವರಿಗೂ ಕೇಳುವಂತೆ ಓದತೊಡಗಿದಳು:

"ಇ... ದ... ನ್ನು..."