ನನ್ನ ಸ್ವಂತ ಇಂಗ್ಲಿಷ್

ನನ್ನ ಎಂ.ಎ. ಪ್ರಬಂಧವನ್ನು ನಾನು ಬರೆದೇ ಇಲ್ಲವಂತೆ. ಹಾಗೆಂದು ಕಾಲೇಜಿನ ಸಾಫ್ಟ್‌ವೇರ್ ಹೇಳಿತು, ಗೈಡ್ ಪದ್ಮನಾಭ ಸರ್ ನಂಬಿದರು.

"ಎಪ್ಪತ್ತೆಂಟು ಪರ್ಸೆಂಟ್ ಎಐ ಅಂತ ಬಂದಿದೆ ಕಣಮ್ಮ ನೀಲಾಂಬಿಕಾ. ಇಷ್ಟು ನೀಟಾದ ಇಂಗ್ಲಿಷು ಯಾರು ಬರೀತಾರೆ?"

"ನಾನಽ ಬರ್ದೀನ್ರಿ ಸರ. ಬೇಕಾದ್ರ ನಿಮ್ಮ ಮುಂದಽ ಕುಂತು ಬರೀತೀನಿ."

"ಅಷ್ಟೊತ್ತು ಯಾರಿಗಿದೆ? ಶುಕ್ರವಾರದೊಳಗೆ ಸರಿ ಮಾಡ್ಕೊಂಡು ಬಾ. ಇಲ್ದಿದ್ರೆ ಈ ವರ್ಷ ಡಿಗ್ರಿ ಇಲ್ಲ."

ನೀಟಾಗಿರದೆ ಇನ್ನೇನು? ನಮ್ಮೂರು ಕೊಟ್ಟೂರಿನಲ್ಲಿ ಕೊಟ್ರಪ್ಪ ಮಾಸ್ತರರು ಇಂಗ್ಲಿಷ್ ಪ್ರಬಂಧಗಳನ್ನು ಬಾಯಿಪಾಠ ಮಾಡಿಸಿದ್ದರು. ಪ್ರತಿ ಪ್ಯಾರಾ 'ಮೋರ್‌ಓವರ್' ಎಂದೇ ಶುರುವಾಗಬೇಕು, ತಪ್ಪಿದರೆ ಬೆತ್ತ. ಪೆಟ್ಟು ತಿಂದು ಕಲಿತವರಿಗೆ ತಪ್ಪು ಬರೆಯುವ ಧೈರ್ಯ ಎಲ್ಲಿಂದ ಬರಬೇಕು?

ನನ್ನ ಪ್ರಬಂಧ ಬೆಂಗಳೂರಿನ ಕೆಂಗೇರಿ ಉಪನಗರದಲ್ಲಿ ಅಪಾರ್ಟ್‌ಮೆಂಟ್ ಕಟ್ಟುವ ನಮ್ಮ ಕಡೆಯ ಹೆಂಗಸರ ಬಗ್ಗೆ. ಅವರಲ್ಲೊಬ್ಬಳು ದುರ್ಗವ್ವ, ಸಿಮೆಂಟ್ ಬುಟ್ಟಿ ಇಳಿಸಿ ಹೇಳಿದ್ದಳು: "ಕಟ್ಟೂಮಟಾ ಮನಿ ಎಲ್ಲಾ ಖೋಲ್ಯಾಗೂ ಅಡ್ಡಾಡ್ತೀವಿ. ಮುಗಿದ ಮ್ಯಾಲ ಗೇಟ್ ಒಳಗೂ ಬಿಡಂಗಿಲ್ಲ." ಆಮೇಲೆ ನನ್ನ ಕೈ ಹಿಡಿದು, "ನಾ ಅಂದಿದ್ದಷ್ಟಽ ಬರಿಯವ್ವ, ಬಣ್ಣಾ ಹಚ್ಚಬ್ಯಾಡ" ಎಂದು ಆಣೆ ಮಾಡಿಸಿಕೊಂಡಿದ್ದಳು.

ವಿಜಯನಗರದ ಪಿ.ಜಿ.ಯಲ್ಲಿ ನನ್ನ ರೂಮಿನ ರಾಗಿಣಿ ಬಿದ್ದು ಬಿದ್ದು ನಕ್ಕಳು. ಅವಳ ಪ್ರಬಂಧವನ್ನು ಪೂರ್ತಿ ಎಐ ಬರೆದಿತ್ತು. ಇನ್ನೊಂದು ಆಪ್ ಅದನ್ನು ಮನುಷ್ಯರು ಬರೆದಂತೆ ಕೆಡಿಸಿ ಕೊಟ್ಟಿತ್ತು. ಸಲೀಸಾಗಿ ಪಾಸಾಗಿತ್ತು.

"ನಿಂದೂ ಅದಕ್ಕೇ ಹಾಕು ಕಣೇ. ಸುಮ್ನೆ ಜಂಭ ಮಾಡ್ಬೇಡ."

ಗುರುವಾರ ಸಂಜೆ ಹಾಕಿದೆ. ನಾಚಿಕೆಗಿಂತ ಸಿಟ್ಟೇ ಹೆಚ್ಚಾಗಿತ್ತು. ಆಪ್ ನನ್ನ ವಾಕ್ಯಗಳನ್ನೆಲ್ಲ ಮುರಿಯಿತು, ದುರ್ಗವ್ವನ ಬಾಯಿಗೆ ಬೇರೆಯದೇ ಮಾತು ತುರುಕಿತು: 'ನಾವು ಕಟ್ಟುವುದು ಗೋಡೆಗಳನ್ನಲ್ಲ, ಬೇರೆಯವರ ಕನಸುಗಳನ್ನು.' ಅವಳದೇ ಮಾತನ್ನು ವಾಪಸ್ ಹಾಕಿ ನೋಡಿದೆ. ಎಐ ಪರ್ಸೆಂಟ್ ಮತ್ತೆ ಏರಿತು. ತೆಗೆದೆ.

ಪದ್ಮನಾಭ ಸರ್‌ಗೆ ಬಹಳ ಖುಷಿಯಾಯಿತು. "ನೋಡು, ಸ್ವಂತ ಬರವಣಿಗೆ ಅಂದ್ರೆ ಇದು" ಎಂದು ಬೆನ್ನು ತಟ್ಟಿದರು.

ವೈವಾಕ್ಕೆ ಬೇರೆ ಕಾಲೇಜಿನಿಂದ ವತ್ಸಲಾ ಮೇಡಂ ಪರೀಕ್ಷಕರಾಗಿ ಬಂದಿದ್ದರು. ಕನಸಿನ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದರು.

"ಓದು ಬರಹ ಇಲ್ದಿರೋ ಹೆಂಗಸು, ಎಂಥಾ ಮಾತು ಹೇಳಿದಾಳೆ! ಇದನ್ನ ಮಷೀನ್ ಬರೆಯೋಕಾಗುತ್ತಾ ಸಾರ್?"

"ಚಾನ್ಸೇ ಇಲ್ಲ ಮೇಡಂ," ಎಂದರು ಪದ್ಮನಾಭ ಸರ್.

ಮೇಡಂ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ದುರ್ಗವ್ವ ನಿಜವಾಗ್ಲೂ ಹೀಗೇ ಅಂದ್ಲೇನಮ್ಮ?"

"ಹೌದ್ರಿ ಮೇಡಂ," ಎಂದೆ. "ಹೀಗಽ ಅಂದ್ಲು."